14 ಅಡಿ ದೋಣಿಗೆ ಮನೆಯಲ್ಲೇ ಮಾಡಿದ ಸ್ಟೀರಿಂಗ್: ಮೋಟಾರು ತಿರುಗಿದಾಗ ತಂತಿ ಸಡಿಲವಾಗುವುದೇಕೆ?

ಒಂಟಿಹುಟ್ಟು:

ದೋಣಿ 14 ಅಡಿ ಉದ್ದ, ಚಪ್ಪಟೆ ತಳ, ಪ್ಲೈವುಡ್ಡಿನದು. ಹಿಂದೆ 15 ಎಚ್‌ಪಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟಾರು; ಟಿಲ್ಲರ್, ಅಂದರೆ ಕೈಯಿಂದ ಹಿಡಿದು ತಿರುಗಿಸುವ ಉದ್ದ ಹಿಡಿ ಇರುವಂಥದು. ಹಿಂದೆ ಕೂತು ಓಡಿಸಿದರೆ ಮೋಟಾರು, ಪೆಟ್ರೋಲ್ ಟ್ಯಾಂಕು, ಆಳು ಮೂರರ ಭಾರವೂ ಹಿಂದಕ್ಕೇ ಬಿದ್ದು ಮೂತಿ ಮೇಲೇಳುತ್ತದೆ, ಎದುರಿನ ನೀರು ಕಾಣುವುದಿಲ್ಲ. ಅದಕ್ಕೆ ಟ್ರಾನ್ಸಮ್ಮಿನಿಂದ (ಮೋಟಾರು ಕೂರುವ ಹಿಂದಿನ ಅಡ್ಡಹಲಗೆ) 2 ಮೀಟರ್ ಮುಂದೆ, ದೋಣಿಯ ನಡುವಿಗೆ ಸ್ಟೀರಿಂಗ್ ಚಕ್ರ ಕೂರಿಸಿ ರಾಟೆ ಮತ್ತು ತಂತಿಯಿಂದ ಮೋಟಾರು ತಿರುಗಿಸಬೇಕೆಂದಿದ್ದೇನೆ.

ಅಳತೆಗಳು: ಮೋಟಾರು ತಿರುಗುವ ಪಿನ್ನಿನಿಂದ ಮುಂದಕ್ಕೆ ಚಾಚಿದ ತೋಳಿನ ತುದಿಯ, ತಂತಿ ಕಟ್ಟುವ ತೂತಿಗೆ 250 ಮಿಮೀ. ಮೋಟಾರು ಎಡಕ್ಕೆ 35, ಬಲಕ್ಕೆ 35 ಡಿಗ್ರಿ ತಿರುಗುತ್ತದೆ. ಹಿಂದಿನ ಎರಡು ರಾಟೆಗಳು ನಡುವಿನಿಂದ ತಲಾ 600 ಮಿಮೀ ದೂರ, ಟ್ರಾನ್ಸಮ್ಮಿಗೇ ಹೊಡೆದಿವೆ, ಅಂದರೆ ಹೆಚ್ಚುಕಡಿಮೆ ಪಿನ್ನಿನ ನೇರಕ್ಕೆ.

ಅಂದಾಜು ನೋಡಲು ಸಾದಾ ಹಗ್ಗ ಬಿಗಿದು ತಿರುಗಿಸಿದರೆ ಮೋಟಾರು ನೇರವಿದ್ದಾಗ ಬಿಗಿಯಾಗಿರುವ ಹಗ್ಗ ಪೂರ್ತಿ ಒಂದು ಬದಿಗೆ ಹೋದಾಗ ಎರಡೂವರೆ, ಮೂರು ಸೆಂಟಿಮೀಟರಿನಷ್ಟು ಜೋತು ಬೀಳುತ್ತದೆ. ಎಷ್ಟು ಬಿಗಿದರೂ ಅಷ್ಟೇ. ಇದಕ್ಕೆ ಸ್ಪ್ರಿಂಗ್ ಹಾಕಿಬಿಟ್ಟರೆ ಸಾಕೇ? ಚಕ್ರದ ಶಾಫ್ಟಿನಲ್ಲಿ ತಂತಿ ಸುತ್ತಿಕೊಳ್ಳುವ ಡ್ರಮ್ ಎಷ್ಟು ದಪ್ಪ ಇರಬೇಕು? ತಂತಿ ಎಷ್ಟು ಮಿಮೀ?

ತಿರುಪುಮೊಳೆ:

ಸ್ಪ್ರಿಂಗ್ ಆಮೇಲಿನ ಮಾತು. ರಾಟೆಯ ಜಾಗವೇ ತಪ್ಪಿದೆ.

ತಂತಿ ಕಟ್ಟಿದ ತುದಿ ನೇರ ಗೆರೆಯಲ್ಲಿ ಓಡಾಡುವುದಿಲ್ಲ, ಕಮಾನಿನಲ್ಲಿ ಓಡಾಡುತ್ತದೆ. 250 ಮಿಮೀ ತೋಳು 35 ಡಿಗ್ರಿ ತಿರುಗಿದರೆ ತುದಿ ಪಕ್ಕಕ್ಕೆ 143 ಮಿಮೀ ಹೋಗುತ್ತದೆ, ಜೊತೆಗೆ ಹಿಂದಕ್ಕೆ 45 ಮಿಮೀ ಸರಿಯುತ್ತದೆ. ರಾಟೆ ಪಿನ್ನಿನ ನೇರಕ್ಕಿದ್ದರೆ ಮೋಟಾರು ನೇರವಿದ್ದಾಗ ಎರಡೂ ಬದಿಯ ತಂತಿ ಸೇರಿ 1300 ಮಿಮೀ ಬೇಕು, ಪೂರ್ತಿ ತಿರುಗಿದಾಗ 1272 ಸಾಕು. ಉಳಿದ 28 ಮಿಮೀ ನಿಮಗೆ ಕಾಣುತ್ತಿರುವ ಸಡಿಲ. ಇನ್ನೂ ಬಿಗಿದರೆ ನೇರ ಹೋಗುವಾಗ ರಾಟೆಗಳ ಮೇಲೆ ಸುಮ್ಮನೆ ಭಾರ ಬೀಳುತ್ತದೆಯೇ ಹೊರತು ತಿರುವಿನ ಸಡಿಲ ಹೋಗುವುದಿಲ್ಲ.

ರಾಟೆಗಳನ್ನು ಟ್ರಾನ್ಸಮ್ಮಿನಿಂದ ಕಿತ್ತು ಮುಂದಕ್ಕೆ ತಂದು ದೋಣಿಯ ಪಕ್ಕದ ಚೌಕಟ್ಟಿಗೆ ಕೂರಿಸಿ. ತುದಿಯ ನೇರಕ್ಕೇ ಇಟ್ಟರೆ ತಿರುವಿನಲ್ಲಿ ತಂತಿ 4 ಮಿಮೀ ಬಿಗಿಯಾಗುತ್ತದೆ. ಅದಕ್ಕಿಂತ ಒಳ್ಳೆಯದು ಕಮಾನಿನ ಆಳದ ಅರ್ಧ, ಅಂದರೆ ತುದಿಯಿಂದ 22 ಮಿಮೀ ಹಿಂದೆ, ಪಿನ್ನಿನಿಂದ ಲೆಕ್ಕ ಹಾಕಿದರೆ 228 ಮಿಮೀ ಮುಂದೆ. ಅಲ್ಲಿ ನೇರವಿದ್ದಾಗಲೂ ತಿರುಗಿದಾಗಲೂ ಬೇಕಾಗುವ ಉದ್ದದ ವ್ಯತ್ಯಾಸ 1 ಮಿಮೀಗಿಂತ ಕಡಿಮೆ. ಲೆಕ್ಕದ ಮೇಲೆ ನಂಬಿಕೆ ಬಾರದಿದ್ದರೆ ರಾಟೆಯನ್ನು ಕ್ಲಾಂಪಿನಲ್ಲಿ ಹಿಡಿದು ಹಿಂದೆ ಮುಂದೆ ಸರಿಸುತ್ತ ಮೋಟಾರು ತಿರುಗಿಸಿ ನೋಡಿ. ಎಲ್ಲಿ ಹಗ್ಗ ಕದಲದೆ ನಿಲ್ಲುತ್ತದೋ ಅಲ್ಲಿ ಗುರುತು ಮಾಡಿ.

ಇನ್ನು ಡ್ರಮ್. ಈ ತೋಳಿಗೆ ಎಡದಿಂದ ಬಲಕ್ಕೆ ಒಟ್ಟು ತಂತಿ ಓಟ 287 ಮಿಮೀ. 4 ಮಿಮೀ ಸ್ಟೇನ್‌ಲೆಸ್ ವೈರ್ ರೋಪ್, 7x19 ಹೆಣಿಗೆಯದು (19 ಎಳೆಯ 7 ಹುರಿಗಳನ್ನು ಹೊಸೆದದ್ದು) ತನ್ನಿ. 1x19 ಹೆಣಿಗೆ ಗಡುಸು, ರಾಟೆಗೆ ಆಗಿಬರುವುದಿಲ್ಲ. 7x19 ಕೂಡ ತನ್ನ ದಪ್ಪದ 18 ಪಟ್ಟಿಗಿಂತ ಸಣ್ಣ ಸುತ್ತಿನಲ್ಲಿ ಬಾಗಿದರೆ ಒಳಗಿನ ಎಳೆಗಳು ಬೇಗ ಮುರಿಯುತ್ತವೆ. ಹಾಗಾಗಿ ಡ್ರಮ್ಮೂ ರಾಟೆಗಳೂ 70, 75 ಮಿಮೀಗಿಂತ ಕಡಿಮೆ ಇರಬಾರದು. 75ರ ಡ್ರಮ್ ಒಂದು ಸುತ್ತಿಗೆ ಸುಮಾರು 248 ಮಿಮೀ ತಂತಿ ಎಳೆಯುತ್ತದೆ, ಎಂದರೆ ಈ ತುದಿಯಿಂದ ಆ ತುದಿಗೆ ಚಕ್ರ ಒಂದು ಸುತ್ತು ಚಿಲ್ಲರೆ ಅಷ್ಟೇ. ಕೈ ಸ್ವಲ್ಪ ಅಲುಗಿದರೆ ದೋಣಿ ಅಡ್ಡಕ್ಕೆ ಹಾರುತ್ತದೆ, ತಿರುಗಿಸಲು ಭಾರವೂ ಹೌದು.

ಡ್ರಮ್ ಸಣ್ಣದು ಮಾಡಬೇಡಿ, ತಂತಿಯನ್ನು ಎರಡು ಮಡಿ ಮಾಡಿ. ಮೋಟಾರಿನ ತೋಳಿಗೆ ತಂತಿಯ ತುದಿ ಕಟ್ಟುವ ಬದಲು ಬದಿಗೊಂದು ರಾಟೆ ಕಟ್ಟಿ. ತಂತಿ ಪಕ್ಕದ ರಾಟೆಯಿಂದ ಬಂದು ಮೋಟಾರಿನ ರಾಟೆ ಸುತ್ತಿ ಮತ್ತೆ ಪಕ್ಕಕ್ಕೆ ಹೋಗಿ, ಚೌಕಟ್ಟಿನ ಕೊಂಡಿಯಲ್ಲಿ ಕೊನೆಯಾಗಲಿ. ಓಟ 574 ಮಿಮೀ ಆಗುತ್ತದೆ, ಚಕ್ರ 2.3 ಸುತ್ತು, ಮೋಟಾರಿನ ಮೇಲೆ ಎಳೆತ ಇಮ್ಮಡಿ. ಆದರೆ ಜಾಗದ ತಪ್ಪೂ ಇಮ್ಮಡಿಯಾಗುತ್ತದೆ. ಈಗಿನ 28 ಮಿಮೀ ಸಡಿಲ ಆಗ 57 ಮಿಮೀ. ಅದಕ್ಕೇ ಮೊದಲು ರಾಟೆಯ ಜಾಗ ಸರಿಮಾಡಿ ಎಂದದ್ದು.

ಸಾಮಾನು: ತಂತಿ 10 ಮೀಟರ್, ರಾಟೆ 6 (ಮುಂದೆ 2, ಹಿಂದೆ 2, ಮೋಟಾರಿನಲ್ಲಿ 2), ಎಂ6 ಟರ್ನ್‌ಬಕಲ್ 2 (ತಿರುಗಿಸಿ ತಂತಿ ಬಿಗಿ ಮಾಡುವ ಕೊಂಡಿ), ಸ್ಪ್ರಿಂಗ್ 2, ಥಿಂಬಲ್ 2 (ತಂತಿಯ ಕುಣಿಕೆಯೊಳಗೆ ಕೂರುವ ಲೋಹದ ಬಳೆ), 20 ಮಿಮೀ ಶಾಫ್ಟ್, ಅದಕ್ಕೆ 150 ಮಿಮೀ ಅಂತರದಲ್ಲಿ ಎರಡು ನೈಲಾನ್ ಬುಷ್. ಡ್ರಮ್ ನೈಲಾನಿನದಾದರೆ ಚೆನ್ನ, ಮರವನ್ನು ತಂತಿ ಕೊರೆಯುತ್ತದೆ. ಚಕ್ರವನ್ನೂ ಡ್ರಮ್ಮನ್ನೂ ಶಾಫ್ಟಿಗೆ ಹಿಡಿಸಲು ತಲೆಯಿಲ್ಲದ ಸಣ್ಣ ಸ್ಕ್ರೂ ನಂಬಬೇಡಿ, ಆರಪಾರ ತೂತು ಕೊರೆದು ಎಂ8 ಬೋಲ್ಟ್ ಹಾಕಿ.

ಡ್ರಮ್ಮಿನ ಅಗಲ 40 ಮಿಮೀ. ತಂತಿಯ ನಟ್ಟನಡುವನ್ನು ಡ್ರಮ್ಮಿನ ನಡುವಿಗೆ ಬೋಲ್ಟ್ ಮತ್ತು ವಾಷರಿನಿಂದ ಒತ್ತಿ ಹಿಡಿಸಿ, ತಲೆ ಒಳಗೆ ಮುಳುಗಿರಲಿ. ಮೋಟಾರು ನೇರವಿದ್ದಾಗ ಬೋಲ್ಟಿನ ಎರಡೂ ಕಡೆ ಎರಡೂವರೆ ಸುತ್ತು ಇರಲಿ. ಆಗ ಪೂರ್ತಿ ತಿರುಗಿದರೂ ಬಿಡುವ ಕಡೆ ಒಂದು ಸುತ್ತಿಗಿಂತ ಹೆಚ್ಚು ಉಳಿದಿರುತ್ತದೆ. ಬರೀ ಸುತ್ತಿ ಬಿಟ್ಟರೆ ಒದ್ದೆಯಾದಾಗ ಜಾರುತ್ತದೆ, ಚಕ್ರದ ನಡು ಒಂದು ಕಡೆ, ಮೋಟಾರಿನ ನಡು ಇನ್ನೊಂದು ಕಡೆ.

ನೀರ್ಕಾಗೆ:

ಮೇಲಿನ ಲೆಕ್ಕ ಸರಿ, ಒಂದು ಸಂಗತಿ ಬಿಟ್ಟುಹೋಗಿದೆ: ಮೋಟಾರು ಮೇಲೆತ್ತುವುದು. ಎರಡು ಮಡಿ ತಂತಿ ಹಾಕಿದವರು ಹೆಚ್ಚಾಗಿ ಎಡವುವುದು ಇಲ್ಲೇ.

ಮೋಟಾರು ಎತ್ತಿದಾಗ ಪ್ರೊಪೆಲ್ಲರ್ ಮೇಲೆ ಬರುತ್ತದೆ, ಮುಂದಿರುವ ತೋಳಿನ ತುದಿ ಕೆಳಗೆ ಹೋಗುತ್ತದೆ. ಎತ್ತುವ ಪಿನ್ನಿನಿಂದ ತುದಿಗೆ 200 ಮಿಮೀ ಇದ್ದು 60 ಡಿಗ್ರಿ ಎತ್ತಿದರೆ ತುದಿ 173 ಮಿಮೀ ಕೆಳಗೆ, 100 ಮಿಮೀ ಹಿಂದೆ. ರಾಟೆಗಳು ತುದಿಯ ಮಟ್ಟದಲ್ಲೇ ಇದ್ದರೆ ಒಂದೊಂದು ಎಳೆಗೂ ಸುಮಾರು 32 ಮಿಮೀ ಹೆಚ್ಚು ತಂತಿ ಬೇಕು. ಬದಿಗೆ ಎರಡೆರಡು ಎಳೆ, ಅಂದರೆ ಬದಿಗೆ 65 ಮಿಮೀ. ಅಷ್ಟನ್ನು ಯಾವ ಸ್ಪ್ರಿಂಗೂ ಕೊಡುವುದಿಲ್ಲ. ಕೈಯಿಂದ ಎತ್ತುವಾಗಲಾದರೆ ಅರ್ಧಕ್ಕೆ ಸಿಕ್ಕಿಕೊಂಡು ಗೊತ್ತಾಗುತ್ತದೆ. ಓಡುವಾಗ ಮೋಟಾರಿನ ಕಾಲು ಕಲ್ಲಿಗೋ ದಿಮ್ಮಿಗೋ ತಾಗಿತು ಎನ್ನಿ, ಮೇಲೇಳಬೇಕಾದ ಮೋಟಾರು ತಂತಿಗೆ ಕಟ್ಟಿಹಾಕಿದಂತೆ ನಿಂತು, ರಾಟೆ ಕಿತ್ತು ಬರುತ್ತದೆ ಇಲ್ಲವೇ ಟ್ರಾನ್ಸಮ್ ಸೀಳುತ್ತದೆ.

ಪರಿಹಾರ ಕಷ್ಟದ್ದಲ್ಲ. ಹಿಂದಿನ ರಾಟೆ ಮತ್ತು ಕೊಂಡಿಯನ್ನು ತುದಿಯ ಮಟ್ಟಕ್ಕಿಂತ ಆ ಇಳಿತದ ಅರ್ಧದಷ್ಟು, ಅಂದರೆ 85 ಮಿಮೀ ಕೆಳಗೆ ಕೂರಿಸಿ. ಮೋಟಾರು ಕೆಳಗಿದ್ದಾಗ ತುದಿ ರಾಟೆಗಿಂತ ಅಷ್ಟು ಮೇಲೆ, ಎತ್ತಿದಾಗ ಅಷ್ಟೇ ಕೆಳಗೆ. ಬದಿಗೆ ಬೇಕಾಗುವ ಹೆಚ್ಚುವರಿ ತಂತಿ 16 ಮಿಮೀ ಆಸುಪಾಸಿಗೆ ಇಳಿಯುತ್ತದೆ, ಅದನ್ನು ಸ್ಪ್ರಿಂಗ್ ತಡೆದುಕೊಳ್ಳುತ್ತದೆ. ತಿರುವಿನ ಲೆಕ್ಕಕ್ಕೆ ಇದರಿಂದ ಧಕ್ಕೆಯಿಲ್ಲ, ಅಲ್ಲಿ ವ್ಯತ್ಯಾಸ ಆಗಲೂ 1 ಮಿಮೀ ಒಳಗೇ. ನಿಮ್ಮ ಮೋಟಾರಿನಲ್ಲಿ ಎತ್ತುವ ಪಿನ್ನಿನಿಂದ ತುದಿಗೆ ಎಷ್ಟಿದೆ ಎಂದು ಅಳೆದು ಇದನ್ನೇ ಮತ್ತೆ ಹಾಕಿ.

ಸ್ಪ್ರಿಂಗ್ ಹಾಕುವ ಜಾಗ ಓಡುವ ತಂತಿಯಲ್ಲಲ್ಲ, ಚೌಕಟ್ಟಿನ ಕೊಂಡಿಯಲ್ಲಿ. ಆ ತುದಿ ಓಡಾಡುವುದೇ ಇಲ್ಲ. ಟರ್ನ್‌ಬಕಲ್ಲೂ ಅಲ್ಲೇ ಇರಲಿ, ಓಡುವ ಭಾಗದಲ್ಲಿಟ್ಟರೆ ಒಂದಲ್ಲ ಒಂದು ತಿರುವಿನಲ್ಲಿ ರಾಟೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಎಳೆದಾಗ ಹಿಗ್ಗುವ ಸಾದಾ ಸ್ಪ್ರಿಂಗ್ ಬೇಡ. ಒಳಗೆ ಎರಡು ಯು ಕಂಬಿಗಳಿದ್ದು ಎಳೆದಾಗ ಸ್ಪ್ರಿಂಗ್ ಅದುಮಿಕೊಳ್ಳುವ ಮಾದರಿ ಹಾಕಿ. ಸ್ಪ್ರಿಂಗ್ ಮುರಿದರೂ ಕಂಬಿಗಳು ಒಂದಕ್ಕೊಂದು ಸಿಕ್ಕಿಕೊಂಡೇ ಇರುತ್ತವೆ, ತಂತಿ ಕೈಬಿಡುವುದಿಲ್ಲ. ಅದು ಸಿಗದಿದ್ದರೆ ಸಾದಾ ಸ್ಪ್ರಿಂಗಿನ ಎರಡು ತುದಿಗಳ ನಡುವೆ ಒಂದು ತುಂಡು ಸರಪಳಿ ಹಾಕಿ, ಸ್ಪ್ರಿಂಗ್ 25 ಮಿಮೀ ಹಿಗ್ಗಿದ ಮೇಲೆ ಸರಪಳಿ ಭಾರ ಹಿಡಿಯುವಂತೆ. ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಚಕ್ರ ತಿರುಗಿಸಿದ ಮೊದಲ ಭಾಗವೆಲ್ಲ ಸ್ಪ್ರಿಂಗ್ ಎಳೆಯುವುದಕ್ಕೇ ಹೋಗಿ ದೋಣಿ ತಡವಾಗಿ ತಿರುಗುತ್ತದೆ, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ.

ಇಷ್ಟೆಲ್ಲ ಬರೆದ ಮೇಲೂ ನನ್ನ ಮತ ರೆಡಿ ಪುಶ್‌ಪುಲ್ ಕೇಬಲ್ಲಿನ (ಹೊದಿಕೆಯೊಳಗಿನ ಕಂಬಿ ತಳ್ಳಿಯೂ ಎಳೆದೂ ಮೋಟಾರು ತಿರುಗಿಸುವುದು) ಕಡೆಗೇ. ಮೋಟಾರಿನ ಎತ್ತುವ ಪಿನ್ನು ಟೊಳ್ಳು ಕೊಳವೆಯಾಗಿದ್ದು ಒಳ ಅಳತೆ 16 ಮಿಮೀ ಇದ್ದರೆ ಕೇಬಲ್ ಅದರೊಳಗೇ ಹಾದುಹೋಗುತ್ತದೆ, ಎತ್ತುವ ತಲೆನೋವೇ ಇಲ್ಲ. ಅದರ ಓಟ ಸಾಮಾನ್ಯವಾಗಿ 9 ಇಂಚು. ಉದ್ದಕ್ಕೆ: ಚಕ್ರದಿಂದ ದೋಣಿಯ ಪಕ್ಕಕ್ಕೆ, ಅಲ್ಲಿಂದ ಹಿಂದಕ್ಕೆ, ಅಲ್ಲಿಂದ ಮೋಟಾರಿನ ನಡುವಿಗೆ ಅಳೆದು ಕೂಡಿಸಿ. ಪ್ರತಿ 90 ಡಿಗ್ರಿ ತಿರುವಿಗೆ 4 ಇಂಚು ಕಳೆಯಿರಿ, ಕೊಳವೆಯೊಳಗೆ ಹಾಯಿಸುವುದಾದರೆ 6 ಇಂಚು ಸೇರಿಸಿ. 200 ಮಿಮೀಗಿಂತ ಕಡಿಮೆ ತ್ರಿಜ್ಯದ ಸುತ್ತಿನಲ್ಲಿ ಬಗ್ಗಿಸಿದರೆ ಬಿಗಿಯಾಗಿ ತಿರುಗುತ್ತದೆ. ಗ್ರೀಸ್ ಹಚ್ಚುವಾಗ ಒಳಕಂಬಿ ಪೂರ್ತಿ ಒಳಗೆ ಹೋಗಿರಬೇಕು, ಹೊರಗಿದ್ದಾಗ ತುಂಬಿದರೆ ಗ್ರೀಸೇ ಒಳಗೆ ಸಿಕ್ಕಿಕೊಂಡು ಕಂಬಿ ಅಲುಗುವುದಿಲ್ಲ. 15 ಎಚ್‌ಪಿವರೆಗೆ ಚೆನ್ನಾಗಿ ಮಾಡಿದ ರಾಟೆ ತಂತಿ ನಡೆಯುತ್ತದೆ. 25 ದಾಟಿದ, ನೀರಿನ ಮೇಲೆ ಎದ್ದು ಓಡುವ ದೋಣಿಗೆ ನಾನಂತೂ ಬೇಡ ಎನ್ನುತ್ತೇನೆ.

ಒಂಟಿಹುಟ್ಟು:

ನನ್ನ ಮೋಟಾರಿನ ಎತ್ತುವ ಪಿನ್ನು ಗಟ್ಟಿ ಬೋಲ್ಟು, ಕೊಳವೆಯಲ್ಲ. ಹಾಗಾಗಿ ತಂತಿಯೇ ಗತಿ. ರಾಟೆ ಮುಂದಕ್ಕೆ, ಕೆಳಕ್ಕೆ ತರುವುದು ಅರ್ಥವಾಯಿತು. ಇನ್ನು ಮೂರು ಪ್ರಶ್ನೆ. ವೈರ್ ಬದಲು ಹಗ್ಗ ಹಾಕಬಹುದೇ? ಚಕ್ರ ಬಲಕ್ಕೆ ತಿರುಗಿಸಿದರೆ ದೋಣಿ ಬಲಕ್ಕೇ ಹೋಗಬೇಕಾದರೆ ತಂತಿ ಡ್ರಮ್ಮಿನ ಮೇಲಿನಿಂದ ಹೊರಡಬೇಕೋ ಕೆಳಗಿನಿಂದಲೋ? ಟಿಲ್ಲರ್ ಹಿಡಿಗೇ ಕಟ್ಟಿದರೆ ತೋಳು ಉದ್ದ ಸಿಗುತ್ತದಲ್ಲ, ಅದು ಆಗದೇ?

ಸ್ಪ್ಯಾನರ್ ಹದಿಮೂರು:

ಟಿಲ್ಲರ್ ಹಿಡಿಗೆ ಕಟ್ಟಬೇಡಿ. ಅದು ಮಡಚುವ ಹಿಡಿ, ಅದರ ಕೀಲು ಪಕ್ಕದ ಎಳೆತಕ್ಕೆಂದು ಮಾಡಿದ್ದಲ್ಲ. ಹಿಡಿ ಕೂತಿರುವ ಬ್ರಾಕೆಟ್ಟಿಗೆ 6 ಮಿಮೀ ದಪ್ಪದ ಪಟ್ಟಿ ಬೋಲ್ಟ್ ಮಾಡಿ, ಅದರಲ್ಲಿ ಒಂದೇ ತೂತಿಗೆ ಎರಡೂ ಶ್ಯಾಕಲ್ (ರಾಟೆ ಸಿಕ್ಕಿಸುವ ಯು ಆಕಾರದ ಕೊಂಡಿ) ಹಾಕದೆ ಅಕ್ಕಪಕ್ಕ ಎರಡು ತೂತು ಮಾಡಿ. ಒಂದೇ ತೂತಿನಲ್ಲಿ ಶ್ಯಾಕಲ್‌ಗಳು ಒಂದರ ಮೇಲೊಂದು ಹತ್ತಿ ರಾಟೆ ಓರೆಯಾಗುತ್ತದೆ, ತಂತಿ ಹಲ್ಲು ತಪ್ಪಿದಂತೆ ರಾಟೆಗೂ ಕೆನ್ನೆಗೂ (ಅದರ ಪಕ್ಕದ ತಗಡಿಗೂ) ನಡುವೆ ಇಳಿಯುತ್ತದೆ. ಅದೇ ಕಾರಣಕ್ಕೆ ರಾಟೆ ಕೊಳ್ಳುವಾಗ ಆ ಸಂದಿ ನೋಡಿ. ತಂತಿಯ ದಪ್ಪದ ಅರ್ಧಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡಿ. ಬಟ್ಟೆ ಒಣಹಾಕುವ ಹಗ್ಗದ ರಾಟೆಗಳು ಇದಕ್ಕೆ ಬೇಡವೇ ಬೇಡ.

ದಿಕ್ಕು: ಮೋಟಾರಿನ ತೋಳು ಪಿನ್ನಿಗಿಂತ ಮುಂದಿದೆ, ಹಾಗಾಗಿ ದೋಣಿ ಬಲಕ್ಕೆ ಹೋಗಬೇಕಾದರೆ ತುದಿ ಎಡಕ್ಕೆ ಬರಬೇಕು, ಎಡ ತಂತಿ ಎಳೆಯಬೇಕು. ಎರಡೂ ತಂತಿ ಡ್ರಮ್ಮಿನ ಮೇಲ್ಭಾಗದಿಂದ ಹೊರಟು ಒಂದು ಎಡಕ್ಕೆ, ಒಂದು ಬಲಕ್ಕೆ ಹೋದರೆ ಸರಿಯಾಗುತ್ತದೆ. ಕೆಳಗಿನಿಂದ ಹೊರಟರೆ ಉಲ್ಟಾ. ಮುಂದಿನ ರಾಟೆಗಳು ಡ್ರಮ್ಮಿನ ಮೇಲಂಚಿನ ಮಟ್ಟಕ್ಕೇ ಇರಲಿ, ಡ್ರಮ್ಮಿನಿಂದ 300 ಮಿಮೀಗಿಂತ ಹತ್ತಿರ ಬೇಡ. ಹತ್ತಿರವಾದರೆ ಸುತ್ತು ಒಂದರ ಮೇಲೊಂದು ಹತ್ತುತ್ತದೆ. ಮುಂದೆಂದಾದರೂ ಮೋಟಾರಿಲ್ಲದ ಚುಕ್ಕಾಣಿಗೆ, ಅಡ್ಡಪಟ್ಟಿಯ ಎರಡು ತುದಿಗೆ ತಂತಿ ಕಟ್ಟಿ ಮುಂದಕ್ಕೆ ಎಳೆಯುವ ಮಾದರಿಗೆ ಇದೇ ಡ್ರಮ್ ಹಾಕುವುದಾದರೆ ಅಲ್ಲಿ ಬಲಕ್ಕೆ ತಿರುಗಲು ಬಲ ತಂತಿಯೇ ಎಳೆಯಬೇಕು, ಆಗ ಕೆಳಗಿನಿಂದ ಹೊರಡುವುದು ಸರಿ.

ಹಗ್ಗ ಆಗುತ್ತದೆ, ಆದರೆ ನೈಲಾನ್ ಅಲ್ಲ. ಅದು ರಬ್ಬರಿನಂತೆ ಹಿಗ್ಗುತ್ತದೆ. 6 ಮಿಮೀ ಪಾಲಿಯೆಸ್ಟರ್, ಹೆಣೆದದ್ದು, ಮೊದಲೇ ಎಳೆದು ಹದ ಮಾಡಿದ್ದು ತನ್ನಿ. ಹಗ್ಗ ಸಣ್ಣ ಸುತ್ತಿಗೂ ಒಗ್ಗುವುದರಿಂದ ಡ್ರಮ್ 50 ಮಿಮೀ ಸಾಕು, ಚಕ್ರ 3 ಸುತ್ತು ಚಿಲ್ಲರೆ ಬರುತ್ತದೆ, ತಿರುಗಿಸಲು ಹಗುರ. ಡ್ರಮ್ಮಿನ ಅಗಲ ಮಾತ್ರ 70 ಮಿಮೀ ಮಾಡಿ, ನೇರವಿದ್ದಾಗ ಬದಿಗೆ ಮೂರು ಸುತ್ತು. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧದಷ್ಟು ಹೋಗಬಹುದು, ಥಿಂಬಲ್ ಹಾಕಿ ಹೆಣೆದು ಮುಗಿಸುವುದು ಒಳ್ಳೆಯದು. ಮೊದಮೊದಲು ಹಿಗ್ಗುತ್ತದೆ, ಟರ್ನ್‌ಬಕಲ್ ಪೂರ್ತಿ ಬಿಚ್ಚಿಟ್ಟು ಶುರುಮಾಡಿ. ಬಿಸಿಲು ಹಗ್ಗವನ್ನು ತಿನ್ನುತ್ತದೆ, ಅಂಚಿನ ಕೆಳಗೆ ಮರೆಯಲ್ಲಿ ಓಡಿಸಿ.

ವೈರೇ ಹಾಕಿದರೆ ಪ್ಲಾಸ್ಟಿಕ್ ಹೊದಿಕೆಯದು ಬೇಡ. ಹೊದಿಕೆಯೊಳಗೆ ನೀರು ನಿಂತು ತುಕ್ಕು ಹಿಡಿದರೂ ಮೇಲಿಂದ ಹೊಸದರಂತೆ ಕಾಣುತ್ತದೆ. ಬರೀ ತಂತಿಯಾದರೆ ಬಟ್ಟೆ ಸುತ್ತಿ ಎಳೆದು ನೋಡಬಹುದು, ಎಲ್ಲಿ ಎಳೆ ಮುರಿದಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ತುದಿಗೆ ಥಿಂಬಲ್ ಹಾಕಿ ತಾಮ್ರದ ಸ್ಲೀವ್ (ತಂತಿಯ ಮೇಲೆ ಕೂರುವ ಸಣ್ಣ ಕೊಳವೆ) ಒತ್ತಿಸಿ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಜೊತೆ ಅಲ್ಯೂಮಿನಿಯಂ ಸ್ಲೀವ್ ಬೇಗ ತಿಂದುಹೋಗುತ್ತದೆ. ಒತ್ತುವ ಉಪಕರಣ ಇಲ್ಲದಿದ್ದರೆ ಯು ಕ್ಲಿಪ್ ಮೂರು. ಕ್ಲಿಪ್ಪಿನ ದಪ್ಪ ಗದ್ದುಗೆ ಭಾರ ಹೊರುವ ತಂತಿಯ ಮೇಲೆ, ಯು ಬೋಲ್ಟ್ ಮಡಚಿ ತಂದ ತುದಿಯ ಮೇಲೆ. ಉಲ್ಟಾ ಹಾಕಿದರೆ ಯು ಬೋಲ್ಟ್ ಭಾರದ ತಂತಿಯನ್ನೇ ಜಜ್ಜುತ್ತದೆ. ಒಮ್ಮೆ ಭಾರ ಬಿದ್ದ ಮೇಲೆ ನಟ್ ಮತ್ತೆ ಬಿಗಿಯಿರಿ.

ಆದರೆ ಇಂಥ ಸ್ಟೀರಿಂಗಿನಲ್ಲಿ ಮೊದಲು ಕೈಕೊಡುವುದು ತಂತಿಯಲ್ಲ, ರಾಟೆ ಹಿಡಿದಿರುವ ಸ್ಕ್ರೂ. 350 ಮಿಮೀ ಚಕ್ರದ ಅಂಚಿಗೆ ಗಾಬರಿಯಲ್ಲಿ 30 ಕೆಜಿ ಬಲ ಹಾಕಿದರೆ 75ರ ಡ್ರಮ್ಮಿನಲ್ಲಿ ತಂತಿಯ ಎಳೆತ 133 ಕೆಜಿ. 4 ಮಿಮೀ ತಂತಿ 800 ಕೆಜಿ ದಾಟಿ ತಡೆಯುತ್ತದೆ, ಅದಕ್ಕೇನೂ ಆಗದು. ಆದರೆ 90 ಡಿಗ್ರಿ ತಿರುವಿನ ರಾಟೆಯ ಮೇಲೆ 188 ಕೆಜಿ, ಮೋಟಾರಿನ ರಾಟೆಯ ಮೇಲೆ 266 ಕೆಜಿ, ಮೊದಲೇ ಬಿಗಿದ ಭಾರ ಬೇರೆ. 12 ಮಿಮೀ ಪ್ಲೈವುಡ್ಡಿಗೆ ಹೊಡೆದ ಮರದ ಸ್ಕ್ರೂ ಇದಕ್ಕೆ ನಿಲ್ಲುವುದಿಲ್ಲ. ಒಂದೊಂದು ರಾಟೆಗೂ ಎಂ8 ಬೋಲ್ಟ್ ಎರಡು, ಆರಪಾರ, ಹಿಂದೆ 18 ಮಿಮೀ ಗಟ್ಟಿ ಮರದ ತುಂಡು, ದೊಡ್ಡ ವಾಷರ್, ನೈಲಾನ್ ಲಾಕ್ ನಟ್. ತೂತನ್ನು ಮೊದಲು ಎಪಾಕ್ಸಿಯಿಂದ ಮುಚ್ಚಿ ಮತ್ತೆ ಕೊರೆಯಿರಿ, ಇಲ್ಲವಾದರೆ ನೀರು ಪ್ಲೈವುಡ್ಡಿನ ಪದರಕ್ಕೆ ಇಳಿದು ಒಳಗಿಂದ ಕೊಳೆಯುತ್ತದೆ. ಮೋಟಾರನ್ನೂ ಬರೀ ಕೈತಿರುಪಿನ ಕ್ಲಾಂಪಿನ ಮೇಲೆ ಬಿಡಬೇಡಿ, ಪಕ್ಕದ ಎಳೆತಕ್ಕೆ ಅದು ನಿಧಾನವಾಗಿ ಸರಿಯುತ್ತದೆ. ಟ್ರಾನ್ಸಮ್ಮಿಗೆ ಬೋಲ್ಟ್ ಮಾಡಿ.

ತಂತಿ ಬ್ಯಾಟರಿಯ ಮೇಲೆ ಹಾಯದಿರಲಿ, ಪೆಟ್ರೋಲ್ ಕೊಳವೆಗೆ ಉಜ್ಜದಿರಲಿ.

ಇನ್ನೊಂದು, ಯಾರೂ ಕೇಳಲಿಲ್ಲ: ಚಕ್ರ ಮುಂದೆ ಹೋಯಿತು, ಆಕ್ಸಿಲರೇಟರ್ ಮತ್ತು ಗೇರು ಎಲ್ಲಿ? ಎರಡೂ ಟಿಲ್ಲರಿನಲ್ಲೇ ಉಳಿದರೆ ಎರಡು ಮೀಟರ್ ಹಿಂದೆ ಕೈಗೆಟುಕದೆ ಇರುತ್ತವೆ. ಮೋಟಾರಿಗೆ ರಿಮೋಟ್ ಜೋಡಣೆಯ ಕಿಟ್ ಸಿಗುತ್ತದೆಯೇ ಎಂದು ಸ್ಟೀರಿಂಗ್ ಕೆಲಸ ಶುರುಮಾಡುವ ಮೊದಲೇ ನೋಡಿ. ಎಂಜಿನ್ ನಿಲ್ಲಿಸುವ ದಾರದ ಸ್ವಿಚ್ಚನ್ನಂತೂ ಚಕ್ರದ ಪಕ್ಕಕ್ಕೆ ತರಲೇಬೇಕು. ಓಡುವಾಗ ಒಂದು ಬದಿಯ ತಂತಿ ಬಿಟ್ಟರೆ ಮೋಟಾರು ಒಮ್ಮೆಲೇ ಪೂರ್ತಿ ಒಂದು ಕಡೆಗೆ ಹೊಡೆದು ದೋಣಿ ಗಿರಕಿ ಹೊಡೆಯುತ್ತದೆ, ಆಳು ನೀರಿಗೆ ಬೀಳುತ್ತಾನೆ, ಪ್ರೊಪೆಲ್ಲರ್ ಸುತ್ತುಹಾಕಿ ಅವನ ಮೇಲೇ ಬರುತ್ತದೆ.

ತಿರುಪುಮೊಳೆ:

ಎತ್ತುವ ವಿಷಯ ನಾನು ಬಿಟ್ಟಿದ್ದೆ, 85 ಮಿಮೀ ಕೆಳಗಿಡುವುದು ಸರಿಯಾದ ಉಪಾಯ. ಹಾಗೆ ಮಾಡಿದಾಗ ಹಿಂದಿನ ರಾಟೆಗಳು ತೋಳಿನ ಕಡೆಗೆ ಸ್ವಲ್ಪ ಓರೆಯಾಗಿ ಮುಖ ಮಾಡುವಂತೆ ಅಡಿಗೆ ಬೆಣೆ ಕೊಡಿ, ಇಲ್ಲದಿದ್ದರೆ ತಂತಿ ಕೆನ್ನೆಗೆ ಉಜ್ಜುತ್ತದೆ.

ಪರೀಕ್ಷೆ ಈ ಕ್ರಮದಲ್ಲಿರಲಿ. ದಡದಲ್ಲೇ, ಎಂಜಿನ್ ನಿಂತಿರುವಾಗ, ಚಕ್ರ ಎರಡೂ ತುದಿಗೆ ತಿರುಗಿಸಿ. ಮೊದಲು ಮೋಟಾರಿನ ಸ್ವಂತ ತಡೆ ತಾಗಬೇಕು, ಡ್ರಮ್ಮಿನ ತಂತಿ ಮುಗಿಯುವುದಾಗಲಿ ರಾಟೆಗೆ ರಾಟೆ ಬಡಿಯುವುದಾಗಲಿ ಅಲ್ಲ. ನಂತರ ನೇರ, ಪೂರ್ತಿ ಎಡ, ಪೂರ್ತಿ ಬಲ ಮೂರರಲ್ಲೂ ಮೋಟಾರು ಎತ್ತಿ ಇಳಿಸಿ. ಬಿಗಿತಕ್ಕೆ: ಪಕ್ಕದಲ್ಲಿ ಓಡುವ ತಂತಿಯ ಒಂದು ಮೀಟರಿನ ನಡುವೆ ಬೆರಳಿನಿಂದ ಒತ್ತಿದರೆ 15, 20 ಮಿಮೀ ತಗ್ಗಬೇಕು. ಬಿಗಿ ಸರಿಯಾದ ಮೇಲೆ ಟರ್ನ್‌ಬಕಲ್ಲಿಗೆ ಕಟ್ಟುತಂತಿ ಹಾಯಿಸಿ ಬಿಗಿಯಿರಿ, ಎಂಜಿನ್ ನಡುಕಕ್ಕೆ ಅದು ತಾನೇ ಬಿಚ್ಚಿಕೊಳ್ಳುತ್ತದೆ.

ನೀರಿನಲ್ಲಿ ಕೈಬಿಟ್ಟರೆ ದೋಣಿ ಒಂದೇ ಕಡೆಗೆ ಎಳೆಯುವುದು ಕಾಣಬಹುದು. ಅದು ಪ್ರೊಪೆಲ್ಲರ್ ಸುತ್ತುವ ದಿಕ್ಕಿನಿಂದ ಬರುವ ಎಳೆತ, ತಂತಿಯ ದೋಷವಲ್ಲ. ಟಿಲ್ಲರ್ ಹಿಡಿದಾಗ ಕೈ ಅದನ್ನು ಗೊತ್ತಿಲ್ಲದೆ ತಡೆಯುತ್ತಿರುತ್ತದೆ. ಪ್ರೊಪೆಲ್ಲರಿನ ಮೇಲಿನ ಪಟ್ಟಿಯ ಕೆಳಗೆ ಸಣ್ಣ ರೆಕ್ಕೆ ಇದ್ದರೆ ಅದರ ಬೋಲ್ಟ್ ಸಡಿಲಿಸಿ, ದೋಣಿ ಯಾವ ಕಡೆಗೆ ಎಳೆಯುತ್ತದೋ ರೆಕ್ಕೆಯ ಹಿಂದಿನ ಅಂಚನ್ನು ಅದೇ ಕಡೆಗೆ ತುಸು ತಿರುಗಿಸಿ. ಒಮ್ಮೆಗೆ 5 ಡಿಗ್ರಿಗಿಂತ ಹೆಚ್ಚು ಬೇಡ.